ಹನ್ನೆರಡು ಬಿಲ್ಲೆಗಳು

ಡಿಪೋದಲ್ಲಿ ಅವನನ್ನು ಎಲ್ಲರೂ ಪುಣ್ಯಾತ್ಮ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಈ ಅಡ್ಡಹೆಸರು ದಾನಧರ್ಮ ಮಾಡಿ ಬಂದದ್ದಲ್ಲ. ಸೋಮವಾರದ ಚೀಲದಿಂದ ಬಂದದ್ದು.

ಆ ಡಿಪೋದಲ್ಲಿ ಹನ್ನೆರಡು ಜನ ಬಸ್ ಡ್ರೈವರುಗಳಿದ್ದರು. ಹನ್ನೊಂದು ರೂಟುಗಳು ಕಣ್ಣುಮುಚ್ಚಿ ಓಡಿಸುವಂಥವು. ಹನ್ನೆರಡನೆಯದು ಬೆಟ್ಟ ಹತ್ತಿ ಆಚೆಗಿನ ಗಣಿಗೆ ಹೋಗುವುದು. ನಲವತ್ತೊಂದು ತಿರುವು. ಒಂದು ಬಸ್ಸಿಗೆ ಸಾಕಾಗಿ ಎರಡಕ್ಕೆ ಸಾಲದ ರಸ್ತೆ. ಒಂದು ಪಕ್ಕಕ್ಕೆ ಬಂಡೆ, ಇನ್ನೊಂದು ಪಕ್ಕಕ್ಕೆ ಬರೀ ಗಾಳಿ. ಹೋದವನು ವಾರವಿಡೀ ಅಲ್ಲೇ ತಂಗಬೇಕು. ಯಾರಿಗೂ ಬೇಡವಾದ ಆ ರೂಟನ್ನು ಯಾರ ತಲೆಗೆ ಕಟ್ಟುವುದು ಎಂದು ಜಗಳವಾಗಿ ಆಗಿ, ಕೊನೆಗೆ ಚೀಟಿ ಎತ್ತುವ ಪದ್ಧತಿ ಬಂದಿತ್ತು. ಚೀಟಿ ಹರಿಯುತ್ತದೆಂದು ಹಿತ್ತಾಳೆಯ ಬಿಲ್ಲೆಗಳನ್ನು ಮಾಡಿಸಿ, ಒಂದರಿಂದ ಹನ್ನೆರಡರವರೆಗೆ ಅಂಕಿ ಕೆತ್ತಿಸಿದ್ದರು. ಪ್ರತಿ ಸೋಮವಾರ ಬೆಳಿಗ್ಗೆ ಏಳಕ್ಕೆ ಡಿಪೋದ ಗುಮಾಸ್ತ ಬಿಲ್ಲೆಗಳನ್ನು ಎಲ್ಲರೆದುರು ಒಂದೊಂದಾಗಿ ಎಣಿಸಿ ಚೀಲಕ್ಕೆ ಹಾಕುವನು. "ಹನ್ನೆರಡು ಆಯ್ತಾ? ನೋಡ್ಕೊಂಡ್ರಾ? ಆಮೇಲೆ ನನ್ನ ಮೇಲೆ ಗೂಬೆ ಕೂರಿಸ್ಬೇಡಿ!" ಎನ್ನುವನು. ಡ್ರೈವರುಗಳು ಸರದಿಯ ಪ್ರಕಾರ, ವಾರಕ್ಕೊಬ್ಬರಂತೆ, ಚೀಲಕ್ಕೆ ಕೈಹಾಕಿ ಒಂದು ಬಿಲ್ಲೆ ಎತ್ತುವರು. ಯಾರ ನಂಬರು ಬಂತೋ ಆ ವಾರ ಬೆಟ್ಟ ಅವನದು.

ಗುಮಾಸ್ತ ಬೇರೆ ಯಾರೂ ಅಲ್ಲ, ಪುಣ್ಯಾತ್ಮನ ಅಕ್ಕನ ಗಂಡ. ಅವನನ್ನು ಕೆಲಸಕ್ಕೆ ಸೇರಿಸಿದ್ದೂ ಆ ಭಾವನೇ.

ಪುಣ್ಯಾತ್ಮನ ನಂಬರು ಆರು. ಸೇರಿ ಮೂರು ವರ್ಷವಾದರೂ ಆರು ಒಮ್ಮೆಯೂ ಬಂದಿರಲಿಲ್ಲ. "ಹೋದ ಜನ್ಮದಲ್ಲಿ ಅದೇನು ಮಾಡಿದ್ದೆಯೋ ಮಾರಾಯ, ನಮಗೂ ಸ್ವಲ್ಪ ಹೇಳ್ಕೊಡೋ," ಎಂದು ಉಳಿದವರು ರೇಗಿಸುತ್ತಿದ್ದರು. ಎಲ್ಲರಿಗಿಂತ ಹೆಚ್ಚು ರೇಗಿಸುತ್ತಿದ್ದವನು ಒಂಬತ್ತನೇ ನಂಬರಿನವನು. ಬಾಯಿ ಮುಚ್ಚಿ ಗೊತ್ತಿಲ್ಲದ ಅವನಿಗೆ ರೇಡಿಯೋ ಎಂಬ ಹೆಸರು. ಐದು ವಾರಕ್ಕೋ ಆರು ವಾರಕ್ಕೋ ಬೆಟ್ಟ ಅವನಿಗೇ ಬರುತ್ತಿತ್ತು. "ಬೆಟ್ಟಕ್ಕೆ ನನ್ನ ಮೇಲೆ ಮನಸ್ಸಾಗಿದೆ ಕಣ್ರೋ, ಮನೆಯವಳಿಗೆ ಹೇಳ್ಬೇಡಿ," ಎಂದು ನಗಿಸಿ ಬಸ್ಸು ಹತ್ತುವನು. ಪುಣ್ಯಾತ್ಮನಿಗೆ ಬಸ್ಸಿನ ಕಸುಬು ಕಲಿಸಿದವನು ರೇಡಿಯೋನೇ. ಇಬ್ಬರದೂ ಒಂದೇ ತಟ್ಟೆಯ ಊಟ ಎನ್ನುವಷ್ಟು ಸ್ನೇಹ.

ಹನ್ನೊಂದು ತಿಂಗಳ ಹಿಂದೆ ಒಂದು ಸೋಮವಾರ ಒಂಬತ್ತು ಬಂತು. ಆ ವಾರದ ಗುರುವಾರ ಇಪ್ಪತ್ತಾರನೇ ತಿರುವಿನಲ್ಲಿ ರಸ್ತೆಯ ಅಂಚು ಕುಸಿಯಿತು. ಬಸ್ಸಿನ ಮುಂಭಾಗ ಜೋತುಬಿತ್ತು. ರೇಡಿಯೋ ಬ್ರೇಕಿನ ಮೇಲಿಂದ ಕಾಲು ತೆಗೆಯದೆ ಹಿಂದಿನ ಬಾಗಿಲಿನಿಂದ ಎಲ್ಲರನ್ನೂ ಇಳಿಸಿದನಂತೆ. ಕೊನೆಯವರು ಇಳಿದ ಮೇಲೆ ಬಸ್ಸು ನಿಲ್ಲಲಿಲ್ಲ.

ಅಂದಿನಿಂದ ಬೆಟ್ಟದ ರಸ್ತೆ ಮುಚ್ಚಿತು. ಬಿಲ್ಲೆಯ ಚೀಲ ಬಿಡಿಭಾಗಗಳ ಸ್ಟೋರಿನ ಕಪಾಟು ಸೇರಿತು. ರೇಡಿಯೋನ ಹೆಂಡತಿಗೆ ಅದೇ ಸ್ಟೋರಿನಲ್ಲಿ ಕೆಲಸ ಕೊಟ್ಟರು. ಒಂಬತ್ತನೆಯ ಜಾಗಕ್ಕೆ ಹೊಸಬನೊಬ್ಬ ಬಂದ. ಈಗ ರಸ್ತೆ ರಿಪೇರಿ ಮುಗಿದು, ಬರುವ ಸೋಮವಾರದಿಂದ ಬೆಟ್ಟದ ರೂಟು ಮತ್ತೆ ಶುರು ಎಂದು ನೋಟಿಸು ಅಂಟಿಸಿದ್ದರು.

ಅದಕ್ಕೆ ಎಂಟು ದಿನ ಮುಂಚಿನ ಭಾನುವಾರ ಮಧ್ಯಾಹ್ನ ಪುಣ್ಯಾತ್ಮನ ಹೆಂಡತಿ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ತಲೆ ಚಚ್ಚಿಕೊಳ್ಳುತ್ತಿದ್ದಳು. ಶಿಶುವಿಹಾರದಲ್ಲಿ ಆಯಾ ಆಗಿದ್ದ ಅವಳಿಗೆ ಟೀಚರಾಗಬೇಕೆಂಬ ಹಟ. ಮನೆಯಿಂದಲೇ ಪರೀಕ್ಷೆ ಕಟ್ಟಿ ಎಲ್ಲ ಪಾಸಾಗಿ, ಲೆಕ್ಕದಲ್ಲಿ ಮಾತ್ರ ಎರಡು ಸಲ ಮುಗ್ಗರಿಸಿದ್ದಳು.

"ಏನೇ ಅದು, ಅಷ್ಟೊಂದು ನಿಟ್ಟುಸಿರು?"

"ಸಂಭವನೀಯತೆ ರೀ. ಅದರಲ್ಲಿ ಫಲಿತಗಣ ಅಂತ ಬರುತ್ತೆ. ಏನೇನು ಆಗ್ಬಹುದೋ ಅದರ ಪೂರಾ ಪಟ್ಟಿ. ಒಂದನ್ನೂ ಬಿಡಬಾರದು, ಒಂದನ್ನ ಎರಡು ಸಲ ಬರೀಬಾರದು. ದಾಳ ಉರುಳಿಸಿದ್ರೆ ಆರು, ಅದು ಸುಲಭ. ಎರಡು ನಾಣ್ಯ ಚಿಮ್ಮಿದ್ರೆ? ಎರಡೂ ರಾಜ, ಎರಡೂ ರಾಣಿ, ಒಂದೊಂದು. ಒಟ್ಟು ಮೂರು ಅಂತ ಬರೆದೆ. ಹೋಯ್ತು ಮಾರ್ಕು."

"ಮೂರೇ ಅಲ್ವಾ?"

"ನಾನೂ ಹಾಗೇ ಅಂದ್ಕೊಂಡಿದ್ದು! ನಾಲ್ಕು. ಮೊದಲನೇದು ರಾಜ ಎರಡನೇದು ರಾಣಿ ಒಂದು, ಮೊದಲನೇದು ರಾಣಿ ಎರಡನೇದು ರಾಜ ಇನ್ನೊಂದು. ನೋಡೋಕೆ ಒಂದೇ ಥರ, ಆದ್ರೆ ಬೇರೆ ಬೇರೆ. ಪಟ್ಟಿ ತಪ್ಪಿದ್ರೆ ಮುಂದೆ ಎಷ್ಟು ಚೆನ್ನಾಗಿ ಲೆಕ್ಕ ಮಾಡಿದ್ರೂ ನೀರಲ್ಲಿ ಹೋಮ." ಅವಳು ಪೆನ್ನು ಕಚ್ಚಿದಳು. "ಈಗ ನೂರಕ್ಕಿಂತ ಹೆಚ್ಚು ಸಲ ನಡೆದ ಯಾವುದಾದ್ರೂ ಪ್ರಯೋಗದ ವಿವರ ಬರೆದು ಕಳಿಸಿ ಅಂದಿದ್ದಾರೆ. ನೂರು ಸಲ ನಾಣ್ಯ ಚಿಮ್ಮೋಕೆ ನನಗೆಲ್ಲಿದೆ ಪುರುಸೊತ್ತು?"

ಪುಣ್ಯಾತ್ಮನಿಗೆ ಚೀಲ ನೆನಪಾಯಿತು. ಪ್ರತಿ ವಾರ ಬೆಟ್ಟಕ್ಕೆ ಹೋದವನ ನಂಬರನ್ನು ಅವನು ತನ್ನ ಡ್ಯೂಟಿ ಡೈರಿಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಬರೆದಿಡುವುದು ಅವನಿಗೊಂದು ಚಟ. ರಸ್ತೆ ಮುಚ್ಚುವವರೆಗಿನ ಮೂರೂ ವರ್ಷದ ಡೈರಿ ತಂದುಕೊಟ್ಟು, "ತಗೋ, ನೂರ ಐವತ್ತಾರು ಸೋಮವಾರ. ನಾನು ಹೇಳ್ತೀನಿ, ನೀನು ಗೀಟು ಹಾಕು," ಎಂದ.

ಅವಳು ಒಂದರಿಂದ ಹನ್ನೆರಡರವರೆಗೆ ಬರೆದು, ಅವನು ಹೇಳಿದ ಹಾಗೆ ಗೀಟು ಹಾಕುತ್ತ ಹೋದಳು. ಅರ್ಧ ಗಂಟೆಯಲ್ಲಿ ಮುಗಿಯಿತು. ಅವಳು ಕೂಡಿಸಿದಳು. ಒಬ್ಬೊಬ್ಬರಿಗೆ ಸರಾಸರಿ ಹದಿಮೂರು ಬರಬೇಕು. ಒಂದನೇ ನಂಬರಿಗೆ ಹನ್ನೆರಡು, ಎರಡನೆಯದಕ್ಕೆ ಹದಿನೈದು, ಮೂರಕ್ಕೆ ಹನ್ನೊಂದು. ಹೆಚ್ಚಿನವು ಹತ್ತು–ಹದಿನಾರರ ನಡುವೆಯೇ.

"ಆರು, ಸೊನ್ನೆ," ಎಂದಳು. "ನಿಮ್ಮ ಪುಣ್ಯದ ಕೊಡ ತುಂಬಿ ತುಳುಕ್ತಿದೆ ರೀ."

ಅವನು ಮೀಸೆ ತಿರುವಿದ. ಅವಳು ಪಕ್ಕದ ಹಾಳೆಯಲ್ಲಿ ಏನೋ ಗುಣಿಸತೊಡಗಿದಳು. ಗುಣಿಸುತ್ತ ಗುಣಿಸುತ್ತ ಅವಳ ಮುಖದ ನಗು ಇಳಿಯಿತು.

"ರೀ, ನ್ಯಾಯವಾಗಿ ಎತ್ತಿದ್ರೆ ನೂರ ಐವತ್ತಾರು ವಾರ ಒಬ್ಬನ ನಂಬರು ಬರದೇ ಇರೋದು ಸುಮಾರು ಎಂಟು ಲಕ್ಷಕ್ಕೆ ಒಂದು ಸಲ."

"ಆ ಒಂದು ನಾನೇ ಅಂದ್ಕೋ."

"ಇರಿ. ಒಂಬತ್ತು ನೋಡಿ."

ಒಂಬತ್ತರ ಮುಂದೆ ಇಪ್ಪತ್ತೇಳು ಗೀಟು.

"ನಿಮ್ಮದು ಸೊನ್ನೆ. ಅವರದು ಇಪ್ಪತ್ತೇಳು. ಇಬ್ಬರದೂ ಸೇರಿ ಬರಬೇಕಾದ್ದು ಇಪ್ಪತ್ತಾರು." ಅವಳು ಪೆನ್ನು ಕೆಳಗಿಟ್ಟಳು. "ಇದು ಪುಣ್ಯದ ಮಾತಲ್ಲ ರೀ. ನಿಮಗೆ ಬರಬೇಕಾದ್ದೆಲ್ಲ ಅವರಿಗೆ ಹೋಗಿದೆ."

"ಥೂ, ಬಿಡ್ತು ಅನ್ನು. ಬಿಲ್ಲೆ ಎಣಿಸಿ ಹಾಕೋದನ್ನ ನಾನೇ ಕಣ್ಣಾರೆ ನೋಡಿದೀನಿ. ಪ್ರತಿ ಸಲ ಹನ್ನೆರಡು."

"ಹನ್ನೆರಡು ಬಿಲ್ಲೆ ಎಣಿಸಿದ್ರಿ. ಹನ್ನೆರಡು ನಂಬರು ಎಣಿಸಿದ್ರಾ?"

ಅವನು ಡೈರಿಗಳನ್ನು ಒಂದೊಂದಾಗಿ ಮುಚ್ಚಿ ಪೇರಿಸಿಟ್ಟ.

ಮಾರನೆಯ ದಿನ ಡ್ಯೂಟಿಗೆ ಮುಂಚೆಯೇ ಸ್ಟೋರಿಗೆ ಹೋದ. ರೇಡಿಯೋನ ಹೆಂಡತಿ ಕೌಂಟರಿನ ಹಿಂದೆ ನಿಂತು ಫ್ಯಾನ್ ಬೆಲ್ಟುಗಳನ್ನು ಅಳತೆಯ ಪ್ರಕಾರ ಮೊಳೆಗಳಿಗೆ ನೇತುಹಾಕುತ್ತಿದ್ದಳು. ಗಂಡ ಹೋದ ಮೇಲೆ ಅವಳ ಮಾತು ಕಡಿಮೆಯಾಗಿತ್ತು; ಅವನನ್ನು ಕಂಡರೆ ಮಾತ್ರ ಎರಡು ಮಾತು ಹೆಚ್ಚಿಗೆ ಆಡುವಳು.

"ಅತ್ತಿಗೆ, ಆ ಬಿಲ್ಲೆ ಚೀಲ ಒಂದು ಸಲ ಕೊಡ್ತೀರಾ? ಬರೋ ಸೋಮವಾರಕ್ಕೆ ಮುಂಚೆ ನೋಡಿಬಿಡೋಣ ಅಂತ."

ಆಗಲೇ ತಿರುಗಿ ಹೋಗಿಬಿಡಬೇಕಿತ್ತು, ಭಾವನ ಹತ್ತಿರ ಕೇಳಬೇಕಿತ್ತು ಎಂದು ಅವನು ಆಮೇಲೆ ಎಷ್ಟೋ ಸಲ ಅಂದುಕೊಂಡ. ಅವಳು ಕಪಾಟು ತೆಗೆದು ಚೀಲವನ್ನು ತಾನೇ ಕೌಂಟರಿನ ಮೇಲೆ ಸುರುವಿದಳು. ಬಿಲ್ಲೆಗಳು ಠಣಠಣ ಉರುಳಿದವು. ಅವನು ಒಂದೊಂದನ್ನೇ ಸಾಲಾಗಿ ಇಡತೊಡಗಿದ. ಒಂದು, ಎರಡು, ಮೂರು, ನಾಲ್ಕು, ಐದು. ಆಮೇಲೆ ಏಳು. ಎಂಟು. ಒಂಬತ್ತು. ಹತ್ತು, ಹನ್ನೊಂದು, ಹನ್ನೆರಡು. ಕೈಯಲ್ಲಿ ಇನ್ನೂ ಒಂದು ಬಿಲ್ಲೆ ಉಳಿದಿತ್ತು. ತಿರುಗಿಸಿ ನೋಡಿದ. ಒಂಬತ್ತು.

ಅದನ್ನು ಮೊದಲ ಒಂಬತ್ತಿನ ಪಕ್ಕಕ್ಕೆ ಹಿಡಿದ.

ಆರು ಮತ್ತು ಒಂಬತ್ತು ತಲೆಕೆಳಗಾದರೆ ಒಂದೇ ಎಂದು ಬಿಲ್ಲೆ ಮಾಡಿದವನಿಗೆ ಗೊತ್ತಿತ್ತು. ಅದಕ್ಕೇ ಎರಡಕ್ಕೂ ಅಂಕಿಯ ಬುಡದಲ್ಲಿ ಒಂದು ಸಣ್ಣ ಗೆರೆ ಕೆತ್ತಿದ್ದ. ಗೆರೆ ಕೆಳಗೆ ಬರುವಂತೆ ಹಿಡಿದು ಓದಬೇಕು. ಈಗ ಎರಡು ಬಿಲ್ಲೆಗಳೂ ಹಾಗೆ ಹಿಡಿದರೆ ಒಂಬತ್ತೇ.

ರೇಡಿಯೋನ ಹೆಂಡತಿ ಅವನ ಕೈಯಿಂದ ಬಿಲ್ಲೆ ತೆಗೆದುಕೊಂಡಳು. ದಿನವೂ ಬೇರಿಂಗು, ವಾಷರು ನೋಡಿ ಅಸಲಿ ನಕಲಿ ಹೇಳುವ ಕಣ್ಣು ಅದು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಅಂಕಿಯ ತಲೆಯ ಮೇಲೆ, ಗೆರೆಯೊಂದು ಇರಬಹುದಾದ ಜಾಗದಲ್ಲಿ, ಅರ ಹಾಕಿ ಉಜ್ಜಿದ ಹೊಳಪು.

"ಇದರ ಗೆರೆ ಉಜ್ಜಿ ಈ ಕಡೆಗೆ ಬೇರೆ ಹೊಡೆದಿದ್ದಾರೆ," ಎಂದಳು. ದನಿ ತೀರಾ ಮಾಮೂಲಾಗಿತ್ತು. "ಇದು ಆರು. ನಿಮ್ಮದು."

"ಅತ್ತಿಗೆ..."

"ಆವತ್ತು ಬಂದಿದ್ದು ಇವೆರಡರಲ್ಲಿ ಯಾವುದು?"

"ಯಾವತ್ತು?"

"ನಮ್ಮನೆಯವರು ಕೊನೇ ಸಲ ಹೋದ್ರಲ್ಲ, ಆವತ್ತು. ಚೀಲಕ್ಕೆ ಕೈ ಹಾಕಿದ್ದು ಯಾರು?"

ಅವನಿಗೆ ನೆನಪಿತ್ತು, ಆ ಕ್ಷಣದವರೆಗೆ ಅದೊಂದು ಸಾಧಾರಣ ನೆನಪಾಗಿತ್ತು. ಅವತ್ತು ಸರದಿ ಅವನದೇ. ಅವನೇ ಕೈಹಾಕಿ, ಅವನೇ ಬಿಲ್ಲೆ ಎತ್ತಿ, "ರೇಡಿಯೋ, ನಿನ್ನ ಬೆಟ್ಟ ಕರೀತಿದೆ ಕಣೋ!" ಎಂದು ಕೂಗಿ ನಕ್ಕಿದ್ದ. ಎಲ್ಲರೂ ನಕ್ಕಿದ್ದರು. ರೇಡಿಯೋನೂ.

"ನಾನು," ಎಂದ.

ಅವಳು ಎರಡೂ ಬಿಲ್ಲೆಗಳನ್ನು ಮುಷ್ಟಿಯಲ್ಲಿ ಹಿಡಿದಳು. ಅವಳು ಅಳಲಿಲ್ಲ, ಬೈಯಲಿಲ್ಲ. "ಹೋಗಿ," ಎಂದಳು. "ಡ್ಯೂಟಿಗೆ ಹೊತ್ತಾಯ್ತು."

ಅವನು ಆ ದಿನ ಬಸ್ಸು ಹತ್ತಲಿಲ್ಲ. ಗರ ಬಡಿದವನಂತೆ ಬೀದಿಯುದ್ದಕ್ಕೂ ನಡೆದ. ಒಬ್ಬ ಸೈಕಲ್ಲಿನವನು ಗಕ್ಕನೆ ಬ್ರೇಕು ಹಾಕಿ ಬೈದದ್ದೂ ಕಿವಿಗೆ ಬೀಳಲಿಲ್ಲ. ಮೂರು ವರ್ಷ ಪ್ರತಿ ಸೋಮವಾರ ಸಾಲಿನಲ್ಲಿ ನಿಂತಿದ್ದೆನಲ್ಲ, ಎದೆ ಸೆಟೆಸಿ ನಿಂತಿದ್ದೆನಲ್ಲ. ಅದು ಧೈರ್ಯವೆಂದು ತಿಳಿದಿದ್ದೆ. ಚೀಲದೊಳಗೆ ಇಲ್ಲದವನಿಗೆ ಹೆದರಿಕೆ ಎಲ್ಲಿಂದ ಬರಬೇಕು?

ಅಕ್ಕನ ಮನೆ ಮುಟ್ಟಿದಾಗ ಭಾವ ಊಟಕ್ಕೆ ಬಂದಿದ್ದ. ತಟ್ಟೆಯ ಮುಂದೆ ಕೂತಿದ್ದವನು ತಲೆಯೆತ್ತಿ, "ಏನೋ ಇಷ್ಟು ಹೊತ್ತಲ್ಲಿ? ಬಾ, ಕೂತ್ಕೋ," ಎಂದ.

"ಆರನೇ ಬಿಲ್ಲೆಗೆ ಅರ ಹಾಕಿದ್ದು ಯಾರು ಭಾವ?"

ಭಾವನ ಕೈಯ ತುತ್ತು ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಇಳಿಯಲಿಲ್ಲ. ಅಷ್ಟರಲ್ಲೇ ಉತ್ತರ ಸಿಕ್ಕಿಹೋಯಿತು. ಹಾದಿಯುದ್ದಕ್ಕೂ ಪುಣ್ಯಾತ್ಮನ ಮನಸ್ಸಿನ ಮೂಲೆಯೊಂದು, ಬೇರೆ ಯಾರೋ ಮಾಡಿರಲಿ, ಬೇರೆ ಯಾರೋ ಆಗಿರಲಿ ಎಂದು ಹಂಬಲಿಸುತ್ತಿತ್ತು.

"ನೀನು ಮೊದಲು ಕೂತ್ಕೋ. ನಿಧಾನವಾಗಿ ಹೇಳ್ತೀನಿ..."

"ನಾನು ಹೇಳಿದ್ದು," ಎಂದಳು ಅಕ್ಕ, ಒಲೆಯ ಕಡೆಯಿಂದ ತಿರುಗಿ. "ಅವರನ್ನೇನು ಕೇಳ್ತೀಯ, ನನ್ನ ಕೇಳು. ನನ್ನ ತಮ್ಮನ್ನ ಆ ಬೆಟ್ಟಕ್ಕೆ ಕಳಿಸೋದಾದ್ರೆ ಈ ಮನೆಗೆ ಕಾಲಿಡಬೇಡಿ ಅಂತ ನಾನೇ ಹಟ ಹಿಡಿದೆ. ಅಮ್ಮ ಹೋದಾಗ ನಿನಗೆ ನಾಲ್ಕು ವರ್ಷ. ನಿನ್ನ ಕಂಕುಳಲ್ಲಿ ಇಟ್ಕೊಂಡು ಬೆಳೆಸಿದ್ದು ಪ್ರಪಾತಕ್ಕೆ ಎಸೆಯೋಕಾ?"

"ರೇಡಿಯೋನ ಎಸೆದ್ರಲ್ಲ ಅಕ್ಕ."

"ಅವನ ಸುದ್ದಿ ಯಾಕೆ? ಅವನದು ಅವನ ಹಣೆಬರಹ..."

"ಹಣೆಬರಹ ಅಲ್ಲ ಅಕ್ಕ, ಅರದ ಬರಹ! ಎಲ್ಲರ ಹೆಸರಲ್ಲೂ ಒಂದು ಬಿಲ್ಲೆ, ಅವನ ಹೆಸರಲ್ಲಿ ಎರಡು. ನನ್ನ ಪಾಲನ್ನೂ ಅವನೇ ಹೊತ್ತ. ಇಪ್ಪತ್ತೇಳು ಸಲ!"

ಅಕ್ಕ ಗಂಡನ ಕಡೆ ತಿರುಗಿದಳು. ಅವಳ ಮುಖದ ಬಣ್ಣ ಇಳಿದದ್ದನ್ನು ನೋಡಿ ಪುಣ್ಯಾತ್ಮನಿಗೆ ತಿಳಿಯಿತು, ಅವಳಿಗೆ ಇದು ಗೊತ್ತಿರಲಿಲ್ಲ. ತಮ್ಮನ ಬಿಲ್ಲೆ ತೆಗೆದಿಟ್ಟಿದ್ದಾರೆ ಎಂದಷ್ಟೇ ಅವಳು ತಿಳಿದಿದ್ದಳು. ತೆಗೆದದ್ದು ಎಲ್ಲಿ ಹೋಯಿತು ಎಂದು ಕೇಳಿರಲಿಲ್ಲ.

"ಎರಡು ಅಂದ್ರೆ?" ಎಂದಳು.

"ಒಂದು ಬಿಲ್ಲೆ ತೆಗೆದಿದ್ರೆ ಹನ್ನೊಂದೇ ಆಗ್ತಿತ್ತು," ಭಾವ ತಟ್ಟೆಯನ್ನೇ ನೋಡುತ್ತ ಹೇಳಿದ. "ಎಲ್ಲರೂ ಎಣಿಸ್ತಾರಲ್ಲ."

"ಅದಕ್ಕೆ ರೇಡಿಯೋನೇ ಬೇಕಿತ್ತಾ? ಅವನೇನು ಮಾಡಿದ್ದ ನಿಮಗೆ?" ಎಂದ ಪುಣ್ಯಾತ್ಮ.

"ಏನೂ ಮಾಡಿರಲಿಲ್ಲ ಕಣೋ. ದೇವರಂಥ ಮನುಷ್ಯ." ಭಾವ ತಟ್ಟೆಯನ್ನು ದೂರ ಸರಿಸಿದ. "ಆರನ್ನ ತಿರುಗಿಸಿದ್ರೆ ಒಂಬತ್ತಾಗುತ್ತೆ. ಬೇರೆ ಯಾವ ನಂಬರೂ ಆಗಲ್ಲ. ಅಷ್ಟೇ. ಅದಕ್ಕೇ."

ದ್ವೇಷವಿದ್ದಿದ್ದರೆ, ಹಳೆಯ ಜಗಳವಿದ್ದಿದ್ದರೆ ತಡೆದುಕೊಳ್ಳಬಹುದಿತ್ತೋ ಏನೋ. ಒಂದು ಅಂಕಿಯ ಆಕಾರಕ್ಕಾಗಿ ಒಬ್ಬ ಮನುಷ್ಯ ಹೋಗಿಬಿಟ್ಟ. ಅಕ್ಕ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಒಲೆಯ ಮೇಲೆ ಕುಕ್ಕರು ಕೂಗಿತು.

ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದ. ಕೊನೆಗೆ, "ಅತ್ತಿಗೆ ಒಂದು ಮಾತು ಕೇಳಿದ್ರು. ಆವತ್ತು ನಾನು ಎತ್ತಿದ್ದು ಯಾವ ಬಿಲ್ಲೆ ಅಂತ. ನಿನ್ನ ಲೆಕ್ಕದಲ್ಲಿ ಅದಕ್ಕೆ ಉತ್ತರ ಇದೆಯಾ?" ಎಂದು ಕೇಳಿದ.

ಅವಳು ಸುಳ್ಳು ಹೇಳಬಹುದಿತ್ತು. "ಒಂಬತ್ತು ಅಂತ ಕೂಗಿದ್ದು ಗೊತ್ತಿದೆ. ಹಾಗಾಗಿ ಉಳಿದ ಹತ್ತೂ ಪಟ್ಟಿಯಿಂದ ಹೋದವು. ಉಳಿದಿದ್ದು ಎರಡು," ಎಂದಳು. "ಅರ್ಧ ರೀ. ಅರ್ಧ ನಿಮ್ಮದು, ಅರ್ಧ ಅವರದು. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಾಗಲ್ಲ, ಯಾವತ್ತೂ."

ರೇಡಿಯೋನ ಹೆಂಡತಿ ಎರಡೂ ಬಿಲ್ಲೆಗಳನ್ನು ಅಂದೇ ಮ್ಯಾನೇಜರರ ಮೇಜಿನ ಮೇಲೆ ಇಟ್ಟಿದ್ದಳು. ಗುರುವಾರದ ಹೊತ್ತಿಗೆ ಭಾವನನ್ನು ಕೆಲಸದಿಂದ ತೆಗೆದರು. ಪೊಲೀಸರೂ ಕರೆಸಿ ಹೇಳಿಕೆ ಬರೆಸಿಕೊಂಡರು. ಭಾವ ಒಂದು ಅಕ್ಷರವನ್ನೂ ಮುಚ್ಚಿಡಲಿಲ್ಲವಂತೆ. ಡ್ರೈವರುಗಳಲ್ಲಿ ಕೆಲವರು ಪುಣ್ಯಾತ್ಮನಿಗೂ ಗೊತ್ತಿತ್ತೆಂದೇ ನಂಬಿದರು. ಎರಡನೇ ನಂಬರಿನವನು ಎದುರಿಗೆ ಬಂದು ನೆಲಕ್ಕೆ ಉಗಿದು ಹೋದ. ಆ ಅಡ್ಡಹೆಸರನ್ನು ಮತ್ತೆ ಯಾರೂ ಕರೆಯಲಿಲ್ಲ; ಬೇರೆ ಹೆಸರನ್ನೂ ಇಡಲಿಲ್ಲ. "ಏಯ್" ಎನ್ನುತ್ತಿದ್ದರು.

ಸೋಮವಾರ ಬೆಳಿಗ್ಗೆ ಎಲ್ಲರೂ ಸೇರಿದಾಗ ಅವನು ಮುಂದೆ ಬಂದ. "ಚೀಲ ಬೇಡ. ಹದಿಮೂರು ವಾರ ನಾನೇ ಹೋಗ್ತೀನಿ. ನನ್ನ ಪಾಲು ಬಾಕಿ ಇದೆ," ಎಂದ.

ಯಾರೂ ಬೇಡ ಎನ್ನಲಿಲ್ಲ. ಸ್ಟೋರಿನ ಬಾಗಿಲಲ್ಲಿ ನಿಂತಿದ್ದ ರೇಡಿಯೋನ ಹೆಂಡತಿ ಮಾತ್ರ, "ಆಗಲ್ಲ," ಎಂದಳು.

ಎಲ್ಲರೂ ತಿರುಗಿದರು.

"ನೀವು ಹದಿಮೂರು ವಾರ ಹೋಗಿಬಂದು, ಸಾಲ ತೀರ್ತು ಅಂತ ಮನೇಲಿ ನೆಮ್ಮದಿಯಾಗಿ ಮಲಗ್ತೀರಾ? ನನ್ನ ಗಂಡ ಹದಿಮೂರು ವಾರಕ್ಕೆ ವಾಪಸ್ ಬರ್ತಾರಾ?" ಅವಳ ದನಿ ಮೊದಲ ಸಲ ಒಡೆಯಿತು. "ಹಿಂದೆ ಒಬ್ಬರನ್ನ ಚೀಲದಿಂದ ಹೊರಗಿಟ್ರು. ಈಗ ನೀವು ಹನ್ನೊಂದು ಜನಾನ ಹೊರಗಿಡ್ತೀನಿ ಅಂತಿದೀರಿ. ನಿಮಗೆ ದೊಡ್ಡವರಾಗೋ ಅವಕಾಶ ನಾನು ಕೊಡಲ್ಲ. ಎಲ್ಲರ ಜೊತೆ ಸಾಲಲ್ಲಿ ನಿಲ್ಲಿ."

ಅವಳು ಸೀಮೆಸುಣ್ಣ ತೆಗೆದುಕೊಂಡು ಕಪ್ಪು ಹಲಗೆಯ ಮೇಲೆ ಹನ್ನೆರಡು ಹೆಸರು ಬರೆದಳು, ನಂಬರಲ್ಲ, ಹೆಸರು. ಒಬ್ಬೊಬ್ಬರೂ ತಮ್ಮ ಹೆಸರಿನ ಚೀಟಿಯನ್ನು ತಾವೇ ಬರೆದು, ಪಕ್ಕದವನಿಗೆ ಓದಿ ತೋರಿಸಿ, ಮಡಿಸಿ ಚೀಲಕ್ಕೆ ಹಾಕಬೇಕು. ಹಾಕಿದವರ ಹೆಸರಿನ ಮುಂದೆ ಹಲಗೆಯಲ್ಲಿ ಗುರುತು. ಅವನ ಚೀಟಿಯನ್ನು ಎರಡನೇ ನಂಬರಿನವನು ಕೈಯಿಂದ ಕಿತ್ತುಕೊಂಡು ಎರಡು ಸಲ ಓದಿದ.

ಕೈಹಾಕಿದವನು ಹೊಸಬ. ಅವನ ಮೊಣಕೈವರೆಗೂ ಚೀಲದೊಳಗೆ ಇಳಿಯಿತು. ಒಳಗೆ ಕಾಗದ ಸರಸರ ಎಂದಿತು.

ಆಗ ಸಾಲಿನಲ್ಲಿದ್ದ ಆರನೇ ನಂಬರಿನವನಿಗೆ ಮೂರು ವರ್ಷ ಬಾರದಿದ್ದ ಹೆದರಿಕೆ ಬಂತು. ಇಪ್ಪತ್ತಾರನೇ ತಿರುವು ಕಣ್ಣ ಮುಂದೆ ನಿಂತಿತು. ಹೆಂಡತಿಯ ಮುಖ ಬಂತು. ನನ್ನದಾಗದಿರಲಿ, ಬೇರೆ ಯಾರದಾದರೂ ಆಗಲಿ ಎಂದು ಮನಸ್ಸು ಬೇಡಿಕೊಂಡಿತು. ಹದಿಮೂರು ವಾರ ಹೋಗುತ್ತೇನೆಂದು ಐದು ನಿಮಿಷದ ಹಿಂದೆ ಹೇಳಿದ್ದ ಅದೇ ಮನಸ್ಸು! ಅವನು ದಿಗಿಲುಬಿದ್ದು ಅಕ್ಕಪಕ್ಕ ನೋಡಿದ. ಎಲ್ಲರ ಮುಖದಲ್ಲೂ ಅದೇ ಇತ್ತು. ತುಟಿ ಕಚ್ಚಿಕೊಂಡವರು, ಕಣ್ಣು ಮುಚ್ಚಿದವರು, ಬೂಟಿನ ತುದಿ ನೋಡುತ್ತಿದ್ದವರು. ಇವರು ಪ್ರತಿ ಸೋಮವಾರವೂ ಹೀಗೆಯೇ ನಿಲ್ಲುತ್ತಿದ್ದರು. ಅವನ ಕಣ್ಣಿಗೆ ಒಮ್ಮೆಯೂ ಬಿದ್ದಿರಲಿಲ್ಲ. ರೇಡಿಯೋ ಪ್ರತಿ ಸಲ ನಗಿಸುತ್ತಿದ್ದುದು ಯಾಕೆಂದು ಈಗ ತಿಳಿಯಿತು.

ಹೊಸಬ ಚೀಟಿ ಬಿಡಿಸಿ ಓದಿದ. ಎರಡನೇ ನಂಬರಿನವನ ಹೆಸರು.

ಎರಡನೇ ನಂಬರಿನವನು ಟೋಪಿ ಹಾಕಿಕೊಂಡು, ತಿರುವುಗಳ ನಕ್ಷೆಯನ್ನು ಗೋಡೆಯಿಂದ ಕಳಚಿಕೊಂಡು ಹೊರಟ. ಉಳಿದವರೆಲ್ಲ ಉಸಿರು ಬಿಟ್ಟ ಸದ್ದು ಕೇಳಿಸಿತು. ಅದರಲ್ಲಿ ಅವನ ಉಸಿರೂ ಸೇರಿತ್ತು. ಅವನಿಗೆ ನಾಚಿಕೆಯಾಯಿತು. ಓಡಿಹೋಗಿ ಎರಡನೇ ನಂಬರಿನವನ ಬ್ಯಾಗನ್ನು ಎತ್ತಿಕೊಂಡ. ಅವನು ಬೇಡ ಎನ್ನಲಿಲ್ಲ, ಮುಖವನ್ನೂ ನೋಡಲಿಲ್ಲ.

ಬಸ್ಸಿನ ಬಾಗಿಲ ಹತ್ತಿರ ಬ್ಯಾಗು ಕೊಡುವಾಗ ಎರಡನೇ ನಂಬರಿನವನ ಬೆರಳುಗಳು ಅವನ ಬೆರಳಿಗೆ ತಾಗಿದವು. ತಣ್ಣೀರಲ್ಲಿ ಅದ್ದಿ ತೆಗೆದಂತಿದ್ದವು. ಬಸ್ಸು ಗೇಟು ದಾಟಿ ಬೆಟ್ಟದ ಕಡೆಗೆ ತಿರುಗಿತು. ಅದು ಕಣ್ಮರೆಯಾಗುವವರೆಗೂ ಅವನು ಅಂಗಳದಲ್ಲೇ ನಿಂತಿದ್ದ.